ತಂಗಡಿಗೆ ನೀರು ಬೇಡ

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ ಎಂಬ ಬಗ್ಗೆ ನನಗೇ ಪೂರ್ತಿ ನಂಬಿಕೆಯಿಲ್ಲ. ದಿನಚರಿ ಬರೆಯುವ ಅಭ್ಯಾಸ ಶುರುವಾದದ್ದು ಧಾರವಾಡಕ್ಕೆ ಎಂ.ಎ. ಓದಲು ಹೋದಮೇಲೆ. ಅದಕ್ಕೂ ಹಿಂದಿನದಕ್ಕೆಲ್ಲ ನನ್ನ ತಲೆಯೊಂದೇ ಆಧಾರ, ಅದು ನನಗೆ ಹಲವು ಸಲ ಮೋಸ ಮಾಡಿದೆ. ಸತ್ತ ತಮ್ಮನ ಮುಖ ನೆನಪಿದೆ ಎಂದು ನಾನು ಬಹಳ ವರ್ಷ ನಂಬಿದ್ದೆ. ಕಪ್ಪು ಬೊಟ್ಟಿಟ್ಟ ದುಂಡು ಕೆನ್ನೆ, ಅರೆಮುಚ್ಚಿದ ಕಣ್ಣು. ದೊಡ್ಡವಳಾದ ಮೇಲೆ ಗೊತ್ತಾಯಿತು, ಅದು ರಾಯಚೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರ ಕೂಸಿನ ಫೋಟೋ. ತಮ್ಮನದು ಒಂದು ಫೋಟೋ ಕೂಡ ಯಾರೂ ತೆಗೆಸಿರಲಿಲ್ಲ.

ಅವನು ಹುಟ್ಟಿದ್ದೂ ಹೋದದ್ದೂ ಮಾನ್ವಿ ತಾಲೂಕಿನಲ್ಲಿ, ಬಾಗಲವಾಡದ ಹತ್ತಿರ ಇರುವ ಅವ್ವನ ತವರಿನಲ್ಲಿ. ಎಪ್ಪತ್ತರ ದಶಕದ ಆರಂಭ. ನನಗಾಗ ಐದು ವರ್ಷ ತುಂಬಿತ್ತೋ ಇಲ್ಲವೋ. ಅಪ್ಪ ರಾಯಚೂರಿನ ಒಂದು ಕಚೇರಿಯಲ್ಲಿ ಗುಮಾಸ್ತ. ಹೆರಿಗೆಗೆಂದು ಅವ್ವ ನನ್ನನ್ನೂ ಕರೆದುಕೊಂಡು ತವರಿಗೆ ಹೋಗಿದ್ದಳು. ಅಜ್ಜಿ ಆಗಲೇ ತೀರಿಕೊಂಡಿದ್ದಳು. ಬಾಣಂತನ ಮಾಡಲು ಅವ್ವನ ಅಕ್ಕ, ಅಂದರೆ ನನ್ನ ದೊಡ್ಡವ್ವ, ದೇವದುರ್ಗದ ಕಡೆಯ ಮಸರಕಲ್‌ನಿಂದ ತನ್ನ ಕುರಿ ಬಿಟ್ಟು ಬಂದಿದ್ದಳು. ಇದೆಲ್ಲ ನಾನು ಆಮೇಲೆ ಕೇಳಿ ತಿಳಿದದ್ದು. ಆ ದಿನಗಳದ್ದೆಂದು ನನಗೆ ನೆನಪಿರುವುದು ಒಂದೇ: ತೊಟ್ಟಿಲು ಕಟ್ಟುವ ಹಗ್ಗ ಜಂತಿಯಿಂದ ಬರಿದೇ ಇಳಿಬಿದ್ದಿತ್ತು. ಅದೂ ಬೇರೆ ಯಾವುದೋ ಮನೆಯ ಹಗ್ಗವಿರಬಹುದು.

ತಮ್ಮ ಇದ್ದನೆಂದು ನನಗೆ ತಿಳಿದದ್ದು ಎರಡು ಮೂರು ವರ್ಷ ಕಳೆದ ಮೇಲೆ, ಒಂದು ದೀಪಾವಳಿಗೆ ಅವ್ವನ ತವರಿಗೆ ಹೋದಾಗ. ನಮ್ಮ ಕಡೆ ಆ ಹಬ್ಬಕ್ಕೆ ಸೆಗಣಿಯಲ್ಲಿ ಪಾಂಡವರನ್ನು ಮಾಡಿ ಬಾಗಿಲ ಬಳಿ ಇಟ್ಟು, ಅವರ ತಲೆಗೆ ತಂಗಡಿ ಹೂವು ಸಿಗಿಸುತ್ತಾರೆ. ತಂಗಡಿ ಎಂದರೆ ದಕ್ಷಿಣದವರು ಆವರಿಕೆ ಎನ್ನುವ ಗಿಡ. ಎದೆಯೆತ್ತರದ ಪೊದೆ, ಅರಿಸಿನದ ಬಣ್ಣದ ಗೊಂಚಲು ಹೂವು. ಮಾವನ, ಅಂದರೆ ಅವ್ವನ ಅಣ್ಣನ, ಹೊಲದ ಒಂದು ಅಂಚಿಗೆ ಗರಸಿನ ಬದು ಇತ್ತು, ಜೋಳ ಕೂಡ ಬಾರದ ಕಲ್ಲುಮಣ್ಣು. ಅದರ ಮೇಲೆ ತಂಗಡಿ ಸಾಲಾಗಿ ಬೆಳೆದಿತ್ತು. ನಾನೂ ಮಾವನ ಮಗಳೂ ಹೂವು ಹರಿಯಲು ಹೋದೆವು. ಕೊನೆಯ ಗಿಡಕ್ಕೆ ನಾನು ಕೈ ಹಾಕಿದೆ.

“ಏ, ಅದರದ್ದು ಹರಿಬ್ಯಾಡಬೇ!” ಎಂದು ಅವಳು ಕೂಗಿದಳು. “ಅದು ನಿಮ್ಮ ತಮ್ಮಂದು.”

“ನನಗೆಲ್ಲಿ ತಮ್ಮ?”

“ಕೆಳಗ ಅದಾನ. ಮಣ್ಣಾಗ. ಅಷ್ಟೂ ಗೊತ್ತಿಲ್ಲೇನು ಶ್ಯಾಣ್ಯಾಕಿಗೆ? ನಿಮ್ಮವ್ವನ್ನ ಕೇಳ ಹೋಗು.”

ಅವ್ವನನ್ನು ಕೇಳಿದೆ. “ಹೌದು” ಎಂದಳು, ಮತ್ತೆ ಕರಿದ ಕರಿಗಡಬಿನ ಲೆಕ್ಕಕ್ಕೆ ಹೋದಳು.

ಹಲ್ಲು ಮೂಡುವ ಮೊದಲೇ ಹೋದ ಕೂಸನ್ನು ಅವ್ವನ ತವರಿನವರು ಸ್ಮಶಾನಕ್ಕೆ ಒಯ್ಯುತ್ತಿರಲಿಲ್ಲ. ತಮ್ಮದೇ ಹೊಲದ ಬದುವಿನಲ್ಲಿ ಹೂಳಿ, ಮೇಲೆ ತಂಗಡಿ ಬೀಜ ಹಾಕುತ್ತಿದ್ದರು. ಕಲ್ಲು ನಿಲ್ಲಿಸುವುದಿಲ್ಲ, ಹೆಸರು ಹೇಳುವುದಿಲ್ಲ. ಇದು ಸುತ್ತಲಿನ ಎಲ್ಲರ ಪದ್ಧತಿಯೋ ಆ ಒಂದು ಮನೆಯದೋ ನನಗೆ ಗೊತ್ತಿಲ್ಲ. ತಂಗಡಿಯೇ ಯಾಕೆ ಎಂಬುದಕ್ಕೆ ಮಾವ ಒಮ್ಮೆ ಕೊಟ್ಟ ಕಾರಣ ನೆನಪಿದೆ. ಕುರಿ ಆಡು ಅದಕ್ಕೆ ಬಾಯಿ ಹಾಕುವುದಿಲ್ಲ. ಮಳೆ ಹೋದರೂ ಸಾಯುವುದಿಲ್ಲ. ನೋಡಿಕೊಳ್ಳಲು ಯಾರೂ ಬೇಕಾಗಿಲ್ಲ. ಗಿಡದ ಗುಣವನ್ನು ಹೊಗಳುವಂತೆ ಅವನು ಹೇಳುತ್ತಿದ್ದ. ನನ್ನ ತಲೆಯಲ್ಲಿ ಉಳಿದದ್ದು ಆ ಕೊನೆಯ ಮಾತೇ.

ಎಪ್ಪತ್ತರ ದಶಕ ಅರ್ಧ ದಾಟಿದ ಮೇಲೆ ಒಂದು ದಿನ ಮಾವ ರಾಯಚೂರಿನ ನಮ್ಮ ಬಾಡಿಗೆ ಮನೆಗೆ ಬಂದ. ಪಡಸಾಲೆಯ ಶಹಾಬಾದ ಕಲ್ಲಿನ ಮೇಲೆ ಕೂತು ಚಹಾ ಕುಡಿಯುತ್ತ ಹೇಳಿದ.

“ತಂಗಿ, ಈ ಬ್ಯಾಸಿಗ್ಯಾಗ ಹೊಲ ಸಮ ಮಾಡಸಾಕತ್ತೀನಿ. ಕಾಲುವಿ ನೀರು ನಮ್ಮ ಪಾಲಿಗೂ ಬಂತು. ಇನ್ನ ಜ್ವಾಳ ಸಾಕು, ಭತ್ತ ಹಚ್ಚೂದು.”

“ಛಲೋ ಆತು ಬಿಡಣ್ಣಾ,” ಎಂದಳು ಅವ್ವ. ಆಮೇಲೆ ಕೇಳಿದಳು, “ಗರಸಿನ ಬದು?”

“ಅದೂ ಹೋಗ್ತದ.”

“ಅದೊಂದು ಬಿಟ್ಟು ಹೊಡಿ ಅಂತ ಹೇಳು.”

“ಟ್ರ್ಯಾಕ್ಟರಿನವ ಬಿಟ್ಟಾನು. ಬಿಟ್ರ ಮಾತ್ರ ಅದು ಉಳೀತದೇನವ್ವಾ? ಗದ್ಯಾಗ ಬುಡಕ್ಕ ಯಾವಾಗ್ಲೂ ನೀರು ನಿಂತ್ರ ತಂಗಡಿ ಕೊಳೀತದ.” ಅವನು ಲೋಟ ಕೆಳಗಿಟ್ಟ. “ಬೇಕಂದ್ರ ಕಿತ್ತು ಕೊಡ್ತೀನಿ, ನಿನ್ನ ಹಿತ್ತಲಾಗ ಹಚ್ಚಿಕೋ.”

ಅವ್ವ ಮರುದಿನವೇ ಅವನ ಜೊತೆ ಹೊರಟಳು, ನನ್ನನ್ನೂ ಕರೆದುಕೊಂಡು. ಹೊಲ ಬೋಳಾಗಿತ್ತು. ಮಾವ ಗಿಡದಿಂದ ಒಂದು ಮೊಳ ದೂರದಲ್ಲಿ ಹಾರೆಯಿಂದ ಅಗೆಯತೊಡಗಿದ. ಹರಡಿದ ಸಣ್ಣ ಬೇರುಗಳು ಬೇಗ ಸಿಕ್ಕವು. ತಾಯಿಬೇರು ಮಾತ್ರ ಹೆಬ್ಬೆರಳಿನಷ್ಟು ದಪ್ಪವಾಗಿ ನೇರ ಕೆಳಗಿಳಿದಿತ್ತು. ಮಾವನ ತೋಳು ಹೆಗಲತನಕ ಗುಂಡಿಯೊಳಗೆ ಹೋಯಿತು, ಬೇರು ಇನ್ನೂ ಕೆಳಕ್ಕೇ ಹೋಗಿತ್ತು.

“ಸಾಕಣ್ಣಾ,” ಎಂದಳು ಅವ್ವ.

“ಇನ್ನ ಒಂದೀಟ ಅದ. ಬೇರು ಕಡದ್ರ ಗಿಡ ಹತ್ತಂಗಿಲ್ಲ, ತಡಿ.”

“ಸಾಕಂದ್ನೆಲ್ಲ!”

ಮಾವ ತಲೆಯೆತ್ತಿ ಅವಳ ಮುಖ ನೋಡಿದ. ಆಗ ಅವನಿಗೆ ಅರ್ಥವಾಯಿತು, ನನಗೂ ಅರ್ಥವಾಯಿತು ಎಂದು ಈಗ ಅನ್ನಿಸುತ್ತದೆ. ಇನ್ನೂ ಕೆಳಗೆ ಹೋದರೆ ಹಾರೆಗೆ ಏನು ತಗಲುತ್ತದೆ ಎಂಬುದು. ಅವನು ಹಾರೆ ಬದಿಗಿಟ್ಟು ಎರಡೂ ಕೈಯಿಂದ ಮಣ್ಣು ಒಳಗೆ ತಳ್ಳಿದ. ಅವ್ವ ಗಿಡದ ಮೇಲೆ ಒಣಗಿದ್ದ ಕಾಯಿಗಳನ್ನು ಹರಿದು ಉಡಿಗೆ ಹಾಕಿಕೊಂಡಳು. ಕಂದು ಬಣ್ಣದ, ಕಾಗದದಷ್ಟು ತೆಳುವಾದ ಕಾಯಿ. ಅಲುಗಿಸಿದರೆ ಒಳಗೆ ಬೀಜ ಸದ್ದು ಮಾಡಬೇಕು, ಆಗಲೇ ಅದು ಬಲಿತದ್ದು. ಅವಳು ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲುಗಿಸಿ ನೋಡುತ್ತಿದ್ದಳು. ಅಷ್ಟಂತೂ ನಾನು ನಿಜವಾಗಿ ಕಂಡದ್ದು.

ಆ ವರ್ಷದ ಕೊನೆಗೆ ತವರಿನಿಂದ ಹೊಸ ಅಕ್ಕಿ ಬಂತು. ಅವ್ವ ನಮಗೆ ಅನ್ನ ಮಾಡಿ ಬಡಿಸಿದಳು, ತಾನು ರೊಟ್ಟಿ ತಿಂದಳು. ಅಪ್ಪ ಕೇಳಿದ್ದಕ್ಕೆ, “ಅನ್ನ ಉಂಡ್ರ ನನಗ ಹೊಟ್ಟಿ ತುಂಬಂಗಿಲ್ಲರೀ,” ಎಂದಳು. ಇದಕ್ಕೆ ನಾನು ದೊಡ್ಡ ಅರ್ಥ ಹಚ್ಚಿದ್ದೇನೆ. ಜೋಳ ಉಂಡು ಬೆಳೆದ ಎಷ್ಟೋ ಹೆಂಗಸರು ಹಾಗೇ ಅನ್ನುತ್ತಿದ್ದರು ಎಂಬುದೂ ನನಗೆ ಗೊತ್ತು.

ಕಾಯಿಗಳು ಒಂದು ಎಣ್ಣೆ ಡಬ್ಬಿಯಲ್ಲಿ ಗೂಡಿನ ಮೇಲೆ ವರ್ಷಗಟ್ಟಲೆ ಕೂತವು. ಅವ್ವ ಬಿತ್ತಲೂ ಇಲ್ಲ, ಎಸೆಯಲೂ ಇಲ್ಲ. ಎಂಬತ್ತರ ದಶಕ ಬಂತು, ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ ಅವ್ವನ ಜೊತೆ ಯಾವುದೋ ಜ್ವರಕ್ಕೆ ಔಷಧ ತರಲು ಆಸ್ಪತ್ರೆಗೆ ಹೋಗಿದ್ದೆ. ಗೋಡೆಯ ಮೇಲೆ ಒಂದು ಹೊಸ ಚಿತ್ರ ಬರೆಸಿದ್ದರು. ಒಬ್ಬ ತಾಯಿ, ಮಡಿಲಲ್ಲಿ ಕೂಸು, ಪಕ್ಕದಲ್ಲಿ ಲೋಟ, ಚಮಚ. ಅವ್ವನಿಗೆ ಓದು ಬಾರದು.

“ಅದೇನು ಬರದದ?” ಎಂದಳು.

ಭೇದಿಯಾಗುವ ಕೂಸಿಗೆ ನೀರು ನಿಲ್ಲಿಸಬಾರದು, ಉಪ್ಪು ಸಕ್ಕರೆ ಕಲಸಿ ಮತ್ತೆ ಮತ್ತೆ ಕುಡಿಸಬೇಕು, ಇಲ್ಲದಿದ್ದರೆ ಮೈ ಒಣಗಿ ಜೀವಕ್ಕೆ ಅಪಾಯ ಎಂಬ ಅರ್ಥದ ಮಾತು. ನಾನು ಓದಿ ಹೇಳಿದೆ.

“ಇನ್ನೊಮ್ಮಿ ಓದು.”

ಓದಿದೆ. ಅವ್ವ ಔಷಧದ ಸಾಲು ಬಿಟ್ಟು ಮನೆಗೆ ನಡೆದಳು.

ತಮ್ಮ ಹೇಗೆ ಹೋದನೆಂದು ಅವಳು ನನಗೆ ಹೇಳಿದ್ದು ಆ ಸಂಜೆಯೋ, ಅಥವಾ ಆ ವಾರದಲ್ಲಿ ಯಾವಾಗಲೋ. ಕಡು ಬೇಸಿಗೆ, ಕೂಸಿಗೆ ಭೇದಿ ಹತ್ತಿತು. ನೀರು ಕೊಟ್ಟರೆ ಹೊಟ್ಟೆ ಇನ್ನಷ್ಟು ಹರಿಯುತ್ತದೆ ಎಂದು ಆಗ ಎಲ್ಲರೂ ನಂಬಿದ್ದರು, ಮೊಲೆಹಾಲನ್ನೂ ಕಡಿಮೆ ಮಾಡಿಸುತ್ತಿದ್ದರು. ಬಾಣಂತನ ದೊಡ್ಡವ್ವನ ಕೈಯಲ್ಲಿತ್ತು, ಅವಳು ಹೇಳಿದ್ದೇ ನಡೆಯುತ್ತಿತ್ತು. ಅವ್ವ ಎದ್ದು ಹೋಗಿ ಕೊಡಕ್ಕೆ ಕೈ ಹಾಕದಂತೆ ದೊಡ್ಡವ್ವ ಅದನ್ನು ತನ್ನ ಮಗ್ಗುಲಲ್ಲೇ ಇಟ್ಟುಕೊಂಡು ಕೂತಿದ್ದಳಂತೆ. ಕೂಸು ಮೊದಲು ಅತ್ತಿತು, ಆಮೇಲೆ ಅಳಲು ಅದಕ್ಕೆ ಕಣ್ಣೀರೂ ಬರಲಿಲ್ಲ. ಒಂದು ಹೊತ್ತಿನಲ್ಲಿ ತನಗೆ ನಿದ್ದೆ ಹತ್ತಿಬಿಟ್ಟಿತು ಎಂದಳು. ಅವ್ವ ಇದನ್ನು ಹೇಳುವಾಗ ಯಾರನ್ನೂ ಬೈಯಲಿಲ್ಲ. ಅಕ್ಕಿ ಆರಿಸುತ್ತಲೇ ಹೇಳಿದಳು.

ಕೆಲವು ದಿನಗಳಲ್ಲೇ ಡಬ್ಬಿ ಕೆಳಗಿಳಿಯಿತು. ಗೋಡೆಬರಹ ಓದಿದ್ದಕ್ಕೇ ಹಾಗಾಯಿತು ಎಂದು ನಾನು ನಂಬಿದ್ದೇನೆ. ಎರಡು ಸಂಗತಿಗಳ ನಡುವೆ ಗಂಟು ಹಾಕುವುದನ್ನು ಓದು ನನಗೆ ಕಲಿಸಿಬಿಟ್ಟಿದೆ, ಅದಕ್ಕೇ ಹೆದರಿಕೆ. ಆದರೆ ಅವ್ವ ಆ ಗಿಡದ ಹುಚ್ಚು ಹಿಡಿದವಳಂತೆ ಆದದ್ದು ಆಗಲೇ. ಬದು ಹೋಗಿತ್ತು, ಕೂಸಿನ ಜಾಗ ಎಲ್ಲಿತ್ತೆಂದು ಗದ್ದೆಯಲ್ಲಿ ಬೊಟ್ಟು ಮಾಡಿ ತೋರಿಸಲು ಮಾವನಿಗೂ ಬರುತ್ತಿರಲಿಲ್ಲ. ತಮ್ಮನದೆಂದು ಉಳಿದದ್ದು ಆ ಡಬ್ಬಿಯೊಳಗಿನ ಬೀಜ ಮಾತ್ರ. ಅದರಲ್ಲಿ ಒಂದಾದರೂ ಗಿಡವಾಗಬೇಕಿತ್ತು ಅವ್ವನಿಗೆ.

ಮೊದಲ ಸಲ ಹಿತ್ತಲ ಮಣ್ಣಲ್ಲಿ ಹಾಗೇ ಬಿತ್ತಿದಳು. ಒಂದೂ ಹುಟ್ಟಲಿಲ್ಲ. ದೊಡ್ಡವ್ವ ಕಣ್ಣು ತೋರಿಸಲು ಮಸರಕಲ್‌ನಿಂದ ಬಂದಾಗ ಮಣ್ಣು ಕೆದರಿ ನೋಡಿದಳು. ಬೀಜ ಬಿತ್ತಿದಾಗ ಹೇಗಿತ್ತೋ ಹಾಗೇ ಇತ್ತು.

“ಹಿಂಗ ಬಿತ್ತಿದ್ರ ನಿನ್ನ ಮೊಮ್ಮಕ್ಕಳ ಕಾಲಕ್ಕ ಹುಟ್ಯಾವು ತಗೋ,” ಎಂದು ನಕ್ಕಳು. “ಇದರ ಮೈ ಭಾಳ ಗಟ್ಟಿ ಬೇ. ಕಲ್ಲಿಗೆ ತಿಕ್ಕಬೇಕು.”

ಬಟ್ಟೆ ಒಗೆಯುವ ಕಲ್ಲಿನ ಒರಟು ಬದಿಗೆ ಅವಳು ಬೀಜಗಳನ್ನು ಅಂಗೈಯಿಂದ ತಿಕ್ಕಿ ತೋರಿಸಿದಳು. ಹೊಳಪು ಹೋಗಬೇಕು, ಒಡೆಯಬಾರದು. ಆಮೇಲೆ ಒಲೆಯಿಂದ ಇಳಿಸಿದ ಬಿಸಿನೀರಿನಲ್ಲಿ ಹಾಕಿ ಬೆಳಗಿನ ತನಕ ಬಿಡಬೇಕು. ಉಬ್ಬಿದ್ದನ್ನು ಬಿತ್ತುವುದು, ಉಬ್ಬದೆ ಉಳಿದದ್ದನ್ನು ಮತ್ತೆ ತಿಕ್ಕುವುದು. ಗಿಡ ಎಲ್ಲಿ ಬೆಳೆಯಬೇಕೋ ಅಲ್ಲೇ ಬಿತ್ತಬೇಕು, ಆಮೇಲೆ ಎತ್ತಿ ನೆಟ್ಟರೆ ಬೇರು ಸಹಿಸುವುದಿಲ್ಲ. ನೆರಳು ಕೂಡದು. ಹಿತ್ತಲ ಮಣ್ಣು ಜಿಗುಟಾಗಿದೆ, ಅದಕ್ಕೆ ಗರಸು ಬೆರೆಸಬೇಕು ಎಂದಳು. ಅಪ್ಪ ಎರಡು ಮೂರು ಸಂಜೆ ಸೈಕಲ್ಲಿನ ಹಿಂದೆ ಚೀಲ ಕಟ್ಟಿ ಗುಡ್ಡದ ಬುಡದಿಂದ ಗರಸು ಹೊತ್ತು ತಂದ. ಯಾಕೆ ಎಂದು ಅವನು ಕೇಳಲಿಲ್ಲ.

“ಮೊಳಕಿ ಬರೂ ತನ ಹಸಿ ಇರ್ಲಿ,” ಎಂದು ದೊಡ್ಡವ್ವ ಹೋಗುವಾಗ ಹೇಳಿದಳು. “ನಾಕು ಎಲಿ ಆದ ಮ್ಯಾಲ ಕೈ ತಗಿ. ಬಾಡಿದಂಗ ಕಂಡ್ರೂ ನೀರು ಹಾಕಬ್ಯಾಡ. ಬೇರು ತಾನ ನೀರು ಹುಡುಕ್ಕೋತ ಕೆಳಗ ಹೋಗಬೇಕು.”

ಒಂದು ವಾರದೊಳಗೆ ಮೊಳಕೆ ಬಂದವು. ಎರಡು ದಪ್ಪ ಎಲೆ, ಆಮೇಲೆ ಗರಿಯಂಥ ಸಣ್ಣ ಎಲೆ. ಕತ್ತಲಾದರೆ ಅವು ಜೋಡಿಜೋಡಿಯಾಗಿ ಮುಚ್ಚಿಕೊಳ್ಳುತ್ತಿದ್ದವು. ಅವ್ವ ದೀಪ ಹಚ್ಚಿದ ಮೇಲೆ ಒಮ್ಮೆ ಹೋಗಿ ನೋಡಿ ಬರುತ್ತಿದ್ದಳು. ರಾಯಚೂರಿನ ಬಿಸಿಲು ಅಂಥಾದ್ದು, ಮಧ್ಯಾಹ್ನಕ್ಕೆ ಸಸಿಗಳು ತಲೆ ಬಾಗಿಸುತ್ತಿದ್ದವು. ಅವ್ವ ತಂಬಿಗೆ ಹಿಡಿದು ಹೋಗುತ್ತಿದ್ದಳು. ನಮ್ಮ ಬೀದಿಗೆ ನಳದ ನೀರು ದಿನ ಬಿಟ್ಟು ದಿನ ಬರುತ್ತಿದ್ದ ಕಾಲ, ನಾವು ಮುಖ ತೊಳೆದ ನೀರಿನಲ್ಲಿ ಕಾಲು ತೊಳೆಯುತ್ತಿದ್ದೆವು. ಸಸಿಗಳಿಗೆ ಮಾತ್ರ ಕುಡಿಯುವ ಕೊಡದ ನೀರು. ನಾನು, “ದೊಡ್ಡವ್ವ ಬ್ಯಾಡ ಅಂದಾಳಲ್ಲಬೇ,” ಎಂದರೆ “ಒಂದೇ ತಂಬಗಿ,” ಎನ್ನುತ್ತಿದ್ದಳು. ಸಂಜೆ ಮತ್ತೆ ಒಂದೇ ತಂಬಿಗೆ. ಸಸಿಗಳ ಬುಡ ಮಣ್ಣಿಗೆ ತಾಗುವಲ್ಲಿ ಕಪ್ಪಾಯಿತು. ಒಂದೊಂದಾಗಿ ಅಡ್ಡಬಿದ್ದವು. ಅವಳು ಮತ್ತೆ ತಿಕ್ಕಿದಳು, ನೆನೆಸಿದಳು, ಬಿತ್ತಿದಳು. ಅವೂ ಕೊಳೆತವು.

ಚಸ್ಮಾ ಒಯ್ಯಲು ದೊಡ್ಡವ್ವ ಮತ್ತೆ ಬಂದಾಗ ಕೊನೆಯ ಎರಡು ಸಸಿ ಬಾಗಿ ನಿಂತಿದ್ದವು. ಅವಳು ಬುಡಕ್ಕೆ ಬೆರಳಿಟ್ಟು ನೋಡಿದಳು.

“ಏನಬೇ, ತಂಗಡಿ ಬಿತ್ತೀಯೋ ಭತ್ತ ಬಿತ್ತೀಯೋ? ಕೈಗೆ ಕೆಸರು ಹತ್ತಾಕತ್ತದ.”

“ಬಿಸಿಲಿಗೆ ಬಾಡಿದ್ವಕ್ಕಾ. ನೋಡ್ಕೋತ ಕುಂದರಾಕ ಆಗಲಿಲ್ಲ.”

“ಬಾಣಂತಿ ಏನದು, ಹೊತ್ತೊತ್ತಿಗೆ ಉಪಚಾರ ಮಾಡಾಕ? ನೀರು ಬ್ಯಾಡ ಅಂದಿದ್ನೆಲ್ಲ ನಾ.”

“ಅಂದಿದ್ದಿ,” ಎಂದಳು ಅವ್ವ. “ನೀ ನೀರು ಬ್ಯಾಡ ಅಂದಾಗ ಒಮ್ಮಿ ಕೇಳೀನಲ್ಲಕ್ಕಾ ನಾ.”

ದೊಡ್ಡವ್ವನ ಬೆರಳು ಕೆಸರಿನಲ್ಲೇ ಉಳಿಯಿತು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ ಎಂದು ನೆನಪು. ಅಲ್ಲಿಂದ ದೊಡ್ಡವ್ವನ ಬೆನ್ನು ಮಾತ್ರ ಕಾಣುತ್ತಿತ್ತು, ಆದ್ದರಿಂದ ಅವಳ ಮುಖ ಹೇಗಾಯಿತು ಎಂದು ನಾನು ಯಾವತ್ತಾದರೂ ಹೇಳಿದ್ದರೆ ಅದು ಕಟ್ಟಿದ್ದು. ಗೋಡೆಯ ಮೇಲಿನ ಚಿತ್ರದ ವಿಷಯ ಅವ್ವ ಅವಳಿಗೆ ಹೇಳಿದಳೋ ಇಲ್ಲವೋ, ಅದೂ ತಿಳಿಯದು. ಆ ರಾತ್ರಿ ಅಕ್ಕತಂಗಿ ಇಬ್ಬರೂ ಊಟ ಮಾಡಿದರು, ಒಂದೇ ಕೌದಿಯ ಮೇಲೆ ಮಲಗಿದರು.

ಬೆಳಿಗ್ಗೆ ದೇವದುರ್ಗದ ಬಸ್ಸಿಗೆ ಹೊರಟು ನಿಂತ ದೊಡ್ಡವ್ವನ ಕೈಗೆ ಅವ್ವ ಡಬ್ಬಿಯಲ್ಲಿ ಉಳಿದ ಬೀಜವನ್ನೆಲ್ಲ ಅರಿವೆಯಲ್ಲಿ ಕಟ್ಟಿ ಕೊಟ್ಟಳು.

“ನೀ ಒಯ್ದು ಬೆಳಸು. ನನ್ನ ಕೈ ತಡಿಯಂಗಿಲ್ಲ.”

“ನನ್ನ ಕೈಯಾಗ ಕೊಡ್ತೀಯಾ?”

“ಮತ್ಯಾರ ಕೈಯಾಗ ಕೊಡ್ಲಿ?”

ಆ ಮಾತು ನಂಬಿಕೆಯದೋ ಶಿಕ್ಷೆಯದೋ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಅವ್ವನನ್ನು ಕೇಳುವ ಧೈರ್ಯ ಬರಲಿಲ್ಲ. ಪ್ರಾಯಶಃ ಅವಳಿಗೂ ಗೊತ್ತಿರಲಿಲ್ಲ.

ಆಮೇಲೆ ಅವ್ವ ಮಸರಕಲ್‌ಗೆ ಹೋಗಲೇ ಇಲ್ಲ. ಮೊಣಕಾಲು ನೋವು, ಬಸ್ಸು ಆಗಿಬರುವುದಿಲ್ಲ ಎನ್ನುತ್ತಿದ್ದಳು. ಆ ಕಡೆಯಿಂದ ಯಾರಾದರೂ ಬಂದರೆ ಮಳೆ ಬೆಳೆ ಕೇಳಿದ ಮೇಲೆ ಕೊನೆಗೆ, “ಗಿಡ ಅದ ಏನು?” ಎಂದು ಕೇಳುವಳು. ಅದ ಎಂದರೆ ತಲೆಯಾಡಿಸಿ ಒಳಗೆ ಹೋಗುವಳು.

ಧಾರವಾಡದಿಂದ ರಜೆಗೆ ಬಂದಿದ್ದ ಒಂದು ವರ್ಷ ನಾನೇ ನೋಡಿ ಬರುತ್ತೇನೆಂದು ಹೋದೆ. ಈ ಭಾಗ ದಿನಚರಿಯಲ್ಲಿದೆ, ಹಾಗಾಗಿ ಸ್ವಲ್ಪ ನೆಚ್ಚಬಹುದು. ದೊಡ್ಡವ್ವನ ಮನೆಯ ಹಿಂದೆ ಕುರಿದೊಡ್ಡಿಯ ಕಲ್ಲುಗೋಡೆ. ಅದರಾಚೆ ಗರಸು ಗುಡ್ಡೆ ಹಾಕಿ, ನೀರು ಹರಿದುಹೋಗುವಂತೆ ಇಳಿಜಾರು ಮಾಡಿ ಬಿತ್ತಿದ್ದಳು. ಒಂದೇ ಗಿಡ ಉಳಿದಿತ್ತು, ನನ್ನ ಹೆಗಲಿಗೆ ಬರುವಷ್ಟು. ಮೈತುಂಬ ಹೂವು. ಕುರಿಗಳು ಅದರ ಪಕ್ಕದಲ್ಲೇ ಒಣ ಹುಲ್ಲು ಕಚ್ಚುತ್ತಿದ್ದವು, ಅದನ್ನು ಮೂಸಿಯೂ ನೋಡುತ್ತಿರಲಿಲ್ಲ. ಹೂವು ಮುಗಿದ ಮೇಲೆ ತುದಿ ಸವರಿದರೆ ಗಿಡ ಕವಲೊಡೆಯುತ್ತದೆ, ಸವರದಿದ್ದರೆ ಕಡ್ಡಿಯಂತೆ ಮೇಲೆ ಹೋಗಿ ಬುಡ ಬೋಳಾಗುತ್ತದೆ ಎಂದು ದೊಡ್ಡವ್ವ ತೋರಿಸಿದಳು. ಎಲೆ ತಿನ್ನುವ ಹಸಿರು ಹುಳಗಳನ್ನು ಅವಳು ಕೊಲ್ಲುವುದಿಲ್ಲ, ಅವು ಹಳದಿ ಪಾತರಗಿತ್ತಿಯಾಗಿ ಹಾರಿಹೋಗುತ್ತವೆ, ಎಲೆ ಮತ್ತೆ ಬರುತ್ತವೆ.

“ಮೊದಲನೇ ಬ್ಯಾಸಿಗಿ ಎಲಿ ಎಲ್ಲಾ ಉದುರಿ ಕಡ್ಡಿ ಆತು ಯವ್ವಾ,” ಎಂದಳು. “ಹೋತು ಅಂದುಕೊಂಡೆ. ದಿನಾ ಕೊಡ ತುಂಬಿ ತಂದು ಇಲ್ಲೇ ಇಟ್ಟುಕೊಂಡು ಕುಂದರತಿದ್ದೆ. ಹಾಕಲಿಲ್ಲ. ನಿಮ್ಮ ದೊಡ್ಡಪ್ಪ, ಹುಚ್ಚು ಹಿಡಿದದ ಇದಕ್ಕ ಅಂತ ಬೈತಿದ್ದ. ಆ ಬ್ಯಾಸಿಗಿ ನಾ ಊರು ಬಿಟ್ಟು ಎಲ್ಲೂ ಹೋಗಲಿಲ್ಲ. ಆಮ್ಯಾಲ ಮಳಿ ಬಂತು, ಬುಡದಾಗ ಚಿಗುರು ಕಂಡಿತು.” ಅವಳು ಒಂದು ಕೊಂಬೆಯನ್ನು ಹಿಡಿದು ಬಿಟ್ಟಳು. “ಬದುಕಿತಬೇ ಇದು. ನೀರು ಬ್ಯಾಡ ಅಂದದ್ದಕ್ಕ ಬದುಕಿತು. ನಿಮ್ಮವ್ವಗ ಹೇಳು.”

ಅವಳು ಅದನ್ನು ಗೆದ್ದವಳಂತೆ ಹೇಳಿದಳೋ ಬೇಡುವವಳಂತೆ ಹೇಳಿದಳೋ, ನಾನು ಆ ರಾತ್ರಿ ದಿನಚರಿಯಲ್ಲಿ ಎರಡನ್ನೂ ಬರೆದು ಎರಡನ್ನೂ ಹೊಡೆದುಹಾಕಿದ್ದೇನೆ. ಇದನ್ನು ಹೀಗೇ ಒಯ್ದು ಅವ್ವನ ಮುಂದೆ ಹೇಗೆ ಇಡುವುದು ಎಂದು ನನಗೆ ತೋಚಲಿಲ್ಲ. ಗಿಡ ಬದುಕಿದೆ ಎಂಬುದರಿಂದ ಅವಳಿಗೆ ಏನು ಸಮಾಧಾನ? ಅವಳಿಗೆ ಬೇಕಿದ್ದ ಸುದ್ದಿ ಬೇರೆಯದು, ಅದನ್ನು ಕೊಡಬಲ್ಲವಳು ನನ್ನೆದುರು ನಿಂತಿದ್ದಳು. ದೊಡ್ಡವ್ವ ಬಲಿತ ಕಾಯಿ ಆರಿಸುತ್ತಿದ್ದಳು, ಅವ್ವನಿಗೆ ಕಳಿಸಲು. ನಾನು ಕೇಳಿದ ಮೇಲೆ ಆರಿಸುವುದನ್ನು ನಿಲ್ಲಿಸಲಿಲ್ಲ, ನನ್ನತ್ತ ತಿರುಗಲೂ ಇಲ್ಲ. ಬಸ್ಸಿನ ತನಕ ಬಂದಳು, ಚೀಲ ಹಿಡಿದುಕೊಂಡಳು, ಬೇರೆ ಏನೇನೋ ಮಾತಾಡಿದಳು. ಆಮೇಲೆಯೂ ನಾವು ಹಲವು ಸಲ ಸೇರಿದ್ದೇವೆ, ಉತ್ತರ ಮಾತ್ರ ಇನ್ನೂ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

“ದೊಡ್ಡವ್ವಾ, ಆವತ್ತು ಅವ್ವಗ ನಿದ್ದಿ ಹತ್ತಿದಾಗ ನೀ ಆ ಕೊಡದಾಗಿಂದು ಒಂದು ಹನಿನಾದ್ರೂ ಅವನ ಬಾಯಾಗ ಬಿಟ್ಟಿದ್ದೇನು?”